ಗುಂಡಿ ಹಾಕಲು ರೈಲು ಹತ್ತಿದ ನಾಳೆರಾಯ

ನಾಳೆರಾಯ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಬೀದಿಯ ತಿರುವಿನಲ್ಲಿ ಅವನ ದರ್ಜಿ ಅಂಗಡಿ. ಯಾರು ಯಾವಾಗ ಹೋಗಿ ವಿಚಾರಿಸಿದರೂ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ತುಟಿಯ ನಡುವಿನ ಗುಂಡುಸೂಜಿ ಉದುರದಂತೆ ಎಚ್ಚರ ವಹಿಸಿ, "ನಾಳೆ ಬನ್ನಿ" ಎನ್ನುತ್ತಿದ್ದ. ಮಗುವಿಗೆಂದು ಕೊಟ್ಟ ಅಂಗಿ ತಯಾರಾಗುವ ಹೊತ್ತಿಗೆ ಅದು ಆ ಮಗುವಿನ ತಮ್ಮನಿಗೆ ಸರಿಹೋಗುತ್ತಿತ್ತು. ಆದರೂ ಜನ ಅವನ ಬಳಿಗೇ ಬರುತ್ತಿದ್ದರು. ಒಮ್ಮೆ ಅವನು ಹೊಲಿದನೆಂದರೆ ಬಟ್ಟೆ ಸವೆದು ಜಾಳಾದರೂ ಹೊಲಿಗೆ ಮಾತ್ರ ಬಿಡುತ್ತಿರಲಿಲ್ಲ. "ನನ್ನ ಗುಂಡಿ ಕಿತ್ತರೆ ಬಟ್ಟೆ ಸಮೇತ ಬರಬೇಕು. ಒಂಟಿಯಾಗಿ ಬಂದ್ರೆ ನಾನು ದರ್ಜಿಯೇ ಅಲ್ಲ" ಎಂದು ಅವನು ಹೇಳಿಕೊಳ್ಳುತ್ತಿದ್ದ. ಅವನ ಜೀವನದಲ್ಲಿ ಜಂಬ ಪಡಲು ಇದ್ದ ಸಂಗತಿ ಅದೊಂದೇ, ಹಾಗಾಗಿ ಅದನ್ನು ಚೆನ್ನಾಗಿಯೇ ಬಳಸುತ್ತಿದ್ದ.

ಅವನ ಹೆಂಡತಿಯ ಅಣ್ಣನಿಗೆ ನೀರಿನ ಪಂಪುಗಳ ದೊಡ್ಡ ಅಂಗಡಿ. ದೊಡ್ಡ ಅಂಗಡಿಗೆ ತಕ್ಕ ಹೊಟ್ಟೆ, ಹೊಟ್ಟೆಗೆ ತಕ್ಕ ಗತ್ತು. ಈ ಭಾವನಿಗೆ ನಾಳೆರಾಯನನ್ನು ಕಂಡರೆ ಮೈಯೆಲ್ಲ ಉರಿ. ಅದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಭಾವನ ಮಗಳಿಗೆ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಮನೆಗೆ ಬಂದು, ಮಾತೆಲ್ಲ ಮುಗಿದು, ಇನ್ನೇನು ಎದ್ದು ಹೊರಡಬೇಕು, ಅಲ್ಲಿಯವರೆಗೆ ಮೂಲೆಯಲ್ಲಿ ತೆಪ್ಪಗಿದ್ದ ನಾಳೆರಾಯ ಹುಡುಗನ ತಂದೆಯನ್ನು ಹಿಂದಿನಿಂದ ದಿಟ್ಟಿಸಿ, "ನಿಮ್ಮ ಎಡಭುಜ ಬಲಭುಜಕ್ಕಿಂತ ತಗ್ಗಿದೆ. ಇಷ್ಟು ದಿನ ಯಾರೂ ಹೇಳ್ಲಿಲ್ವಾ?" ಎಂದುಬಿಟ್ಟ. ಆ ಮನುಷ್ಯ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತನಂತೆ. ಆಮೇಲೆ ಅವನ ತಮ್ಮಂದಿರೂ ನಿಂತರಂತೆ. ಸಂಬಂಧ ಅಲ್ಲಿಗೆ ನಿಂತಿತು. ಅಂದಿನಿಂದ ಭಾವನ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು: ಮದುವೆಗೆ ಬೇಕಾದರೆ ನಾಳೆರಾಯನನ್ನು ಕರೆಯಬಹುದು, ಮಾತುಕತೆಗೆ ಕರೆಯಕೂಡದು.

ಈಗ ಹೊಸ ಸಂಬಂಧ ಬಂದಿತ್ತು. ಹುಡುಗ ಇರುವುದು ರೈಲು ದಾರಿಯ ಕೊನೆಯ ದೊಡ್ಡ ನಗರದಲ್ಲಿ, ಅವನ ತಂದೆತಾಯಿ ನಡುವಿನ ಊರಲ್ಲಿ. ಭಾವ, ಅವನ ಹೆಂಡತಿ, ಮಗಳು ಇಲ್ಲಿಂದ ಹೊಸ ವೇಗದ ರೈಲು ಹತ್ತುವುದು, ಹುಡುಗನ ತಂದೆತಾಯಿ ನಡುವೆ ಅದೇ ಡಬ್ಬಿಗೆ ಹತ್ತುವುದು, ಎಲ್ಲರೂ ಸೇರಿ ಹುಡುಗನನ್ನು ನೋಡುವುದು ಎಂದು ಗೊತ್ತಾಯಿತು. ಭಾವ ಇದಕ್ಕೆಂದು ಒಂದು ಕೋಟು ಹೊಲಿಸಲು ಹೊರಟ. ಮನೆಯಲ್ಲೇ ದರ್ಜಿ ಇರುವಾಗ ಹೊರಗೆ ಕೊಟ್ಟರೆ ತಾನು ತವರಿಗೆ ಕಾಲಿಡುವುದಿಲ್ಲ ಎಂದು ತಂಗಿ ಹಟ ಹಿಡಿದಳು. ಬಟ್ಟೆ ನಾಳೆರಾಯನ ಕೈ ಸೇರಿತು.

ಹೊರಡುವ ದಿನ ಬೆಳಿಗ್ಗೆ ಕೋಟಿಗೆ ಗುಂಡಿ ಇರಲಿಲ್ಲ.

"ಸ್ಟೇಷನ್ನಿಗೇ ತಂದು ಹಾಕ್ತೀನಿ ಅಂತ ಭಾವನಿಗೆ ಹೇಳು" ಎಂದ ನಾಳೆರಾಯ, ಕಿವಿಗೆ ಪೆನ್ಸಿಲ್ಲು ಸಿಕ್ಕಿಸಿಕೊಳ್ಳುತ್ತ.

"ರೀ, ಇದು ಹಳೇ ಪ್ಯಾಸೆಂಜರ್ ಅಲ್ಲ. ಇದು ಯಾರಿಗೂ ಕಾಯಲ್ಲ" ಎಂದಳು ಹೆಂಡತಿ.

"ರೈಲು ಅಂದ್ರೆ ರೈಲೇ ಕಣೇ. ನನಗೆ ರೈಲಿನ ವಿಷಯ ಹೇಳ್ಕೊಡಬೇಡ."

ಅವನು ಹಾಗೆ ಹೇಳಲು ಆಧಾರವಿತ್ತು. ಹಳೆಯ ಪ್ಯಾಸೆಂಜರ್ ರೈಲನ್ನು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಅದು ಹೊರಡುವಾಗ ಇಳಿಯಬಹುದಿತ್ತು, ಹೊರಟ ಮೇಲೂ ಇಳಿಯಬಹುದಿತ್ತು, ಇಳಿದು ಮುಖ ತೊಳೆದು ಮತ್ತೆ ಹತ್ತಬಹುದಿತ್ತು. ಯಾರದೋ ಅಜ್ಜಿ ದೂರದಲ್ಲಿ ಕುಂಟುತ್ತ ಬರುವುದು ಕಂಡರೆ ಗಾರ್ಡು ಹಸಿರು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿ ನಿಲ್ಲುತ್ತಿದ್ದ. ಅದೇ ಗಾರ್ಡು ಒಮ್ಮೆ ಪ್ಲಾಟ್‌ಫಾರಮ್ಮಿನ ಮೇಲೆಯೇ ನಾಳೆರಾಯನಿಗೆ ಪ್ಯಾಂಟಿನ ಅಳತೆ ಕೊಟ್ಟಿದ್ದ. ಅಳತೆ ಮುಗಿಯುವವರೆಗೆ ಇಡೀ ರೈಲು ಹೊಗೆ ಬಿಡುತ್ತ ಸೊಂಟದ ಸುತ್ತಳತೆಗಾಗಿ ಕಾದಿತ್ತು. ಅಂಥ ರೈಲನ್ನು ಕಂಡವನಿಗೆ ಬೇರೆ ರೈಲು ಏನು ಕಲಿಸೀತು?

ಸ್ಟೇಷನ್ನಿನಲ್ಲಿ ಹೊಸ ರೈಲು ನಿಂತಿತ್ತು. ಚೂಪು ಮೂಗು, ನುಣುಪು ಮೈ. ಕಿಟಕಿಗೆ ಸರಳೂ ಇಲ್ಲ, ತೆರೆಯುವ ಬಾಗಿಲೂ ಇಲ್ಲ. ನಾಳೆರಾಯ ಭಾವನಿಗೆ ಕೋಟು ತೊಡಿಸಿ, ಅವನನ್ನು ನಿಲ್ಲಿಸಿಕೊಂಡೇ ಗುಂಡಿ ಹಾಕತೊಡಗಿದ. ಕತ್ತರಿಯನ್ನು ಹೆಂಡತಿ ಹಿಡಿದುಕೊಂಡಿದ್ದಳು. ಮೇಲಿನ ಗುಂಡಿ ಆಯಿತು, ಕೆಳಗಿನದಾಯಿತು. ನಡುವಿನ ಗುಂಡಿಗೆ ಸೂಜಿ ಚುಚ್ಚಿದ್ದಷ್ಟೇ, ಧ್ವನಿವರ್ಧಕ ಏನನ್ನೋ ಹೇಳಿತು. ಭಾವ ಗಾಬರಿಯಾಗಿ ಡಬ್ಬಿ ಹತ್ತಿದ. ಸೂಜಿ ನಾಳೆರಾಯನ ಕೈಯಲ್ಲಿತ್ತು, ದಾರ ಭಾವನ ಕೋಟಿನಲ್ಲಿತ್ತು. ದಾರ ಹೋದ ಕಡೆ ಸೂಜಿ, ಸೂಜಿ ಹೋದ ಕಡೆ ದರ್ಜಿ. ಅವನೂ ಹತ್ತಿದ.

"ಇಳಿಯೋ ಮಾರಾಯ" ಎಂದ ಭಾವ.

"ನಾಲ್ಕೇ ನಾಲ್ಕು ಹೊಲಿಗೆ ಭಾವ. ಹೊಟ್ಟೆ ಒಳಗೆ ಎಳ್ಕೊಳ್ಳಿ."

ಬೆನ್ನ ಹಿಂದೆ ಏನೋ ನಿಟ್ಟುಸಿರು ಬಿಟ್ಟಂತಾಯಿತು. ಬಾಗಿಲು ತಾನಾಗಿಯೇ ಸರಿದು ಮುಚ್ಚಿಕೊಂಡಿತ್ತು. ಹೊರಗೆ ಹೆಂಡತಿ ಕತ್ತರಿ ಹಿಡಿದು ಗಾಜನ್ನು ಬಡಿಯುತ್ತಿದ್ದಳು. ಬೀಳ್ಕೊಡುತ್ತಿದ್ದಾಳೆಂದು ತಿಳಿದು ಭಾವನೂ ಭಾವನ ಹೆಂಡತಿಯೂ ಕೈ ಬೀಸಿದರು. ನಾಳೆರಾಯನೂ ಅಭ್ಯಾಸಬಲದಿಂದ ಬೀಸಿದ. ಆಮೇಲೆ ಹೆಂಡತಿ ಹಿಂದಕ್ಕೆ ಸರಿಯತೊಡಗಿದಳು. ಅವಳ ಹಿಂದೆ ಪುಸ್ತಕದಂಗಡಿ, ನಲ್ಲಿ, ಕೊನೆಗೆ ಊರೇ ಸರಿಯತೊಡಗಿತು.

ಗಾಬರಿಯಾದಾಗ ಕೆಲವರು ಕೂಗುತ್ತಾರೆ, ಕೆಲವರು ಅಳುತ್ತಾರೆ. ನಾಳೆರಾಯ ಹೊಲಿದ. ಕಣ್ಣು ಕಿಟಕಿಯ ಕಡೆ, ಕೈ ಕೋಟಿನ ಕಡೆ. ಒಂದೇ ಸಮನೆ ಹೊಲಿದು, ಗಂಟು ಹಾಕಿ, ದಾರ ಕಡಿದು ನೋಡುತ್ತಾನೆ, ಕೋಟಿನ ಎರಡೂ ಮಗ್ಗುಲು ಸೇರಿಸಿ ಗುಂಡಿ ಭದ್ರವಾಗಿ ಕೂತಿತ್ತು. ಅದರ ಜೊತೆಗೆ ಅವನ ಸ್ವಂತ ಅಂಗಿಯ ಎಡತೋಳಿನ ತುದಿಯೂ ಕೂತಿತ್ತು.

"ಕೈ ತೆಗಿ" ಎಂದ ಭಾವ.

"ಬರಲ್ಲ ಭಾವ."

"ಎಳಿ."

"ನನ್ನ ಹೊಲಿಗೆ ಅದು. ಎಳೆದ್ರೆ ಕೋಟು ಹರಿಯುತ್ತೆ, ಗುಂಡಿ ಬರಲ್ಲ."

"ಹಾಗಾದ್ರೆ ಅಂಗಿ ಬಿಚ್ಚು."

"ಒಳಗೆ ಬನಿಯನ್ ಇಲ್ಲ ಭಾವ."

ಕೋಟು ಬಿಚ್ಚುವಂತಿರಲಿಲ್ಲ, ಮುಂದುಗಡೆ ಹೊಲಿದುಹೋಗಿತ್ತು. ತಲೆಯ ಮೇಲಿಂದ ಎಳೆಯೋಣವೆಂದರೆ ನಡುವೆ ಹೊಟ್ಟೆ. ಹಲ್ಲಿನಿಂದ ಕಡಿಯಲು ನಾಳೆರಾಯ ಬಗ್ಗಿದ. ಡಬ್ಬಿಯವರೆಲ್ಲ ತಿರುಗಿ ನೋಡಿದರು. ಒಬ್ಬ ವಯಸ್ಕ ಮನುಷ್ಯ ಇನ್ನೊಬ್ಬನ ಹೊಟ್ಟೆಗೆ ಮುಖ ಒತ್ತುವುದು ಸಾರ್ವಜನಿಕ ಸ್ಥಳದಲ್ಲಿ ದಿನವೂ ಕಾಣುವಂಥದ್ದಲ್ಲ. ಭಾವ ಅವನ ಕೂದಲು ಹಿಡಿದು ಮೇಲೆತ್ತಿದ.

"ಯಾರ ಹತ್ರಾನಾದ್ರೂ ಬ್ಲೇಡು ಕೇಳೋಣ" ಎಂದ ನಾಳೆರಾಯ.

"ಯಾರನ್ನೂ ಕೇಳಬೇಡ. ಮಾನ ಹೋಗೋದು ಇಷ್ಟಕ್ಕೇ ಸಾಕು. ಟಿಕೆಟ್ ಇದೆಯಾ?"

"ಪ್ಲಾಟ್‌ಫಾರಂ ಟಿಕೆಟ್ ಇದೆ."

"ಆ ಪ್ಲಾಟ್‌ಫಾರಂ ಈಗ ಎಲ್ಲಿದೆ?"

ನಾಳೆರಾಯ ಕಿಟಕಿಯಿಂದ ನೋಡಿದ. ಇರಲಿಲ್ಲ.

ಭಾವನ ಲೆಕ್ಕಾಚಾರ ಸರಳವಾಗಿತ್ತು. ನಡುವಿನ ಊರಲ್ಲಿ ಬೀಗರಾಗುವವರು ಹತ್ತುತ್ತಾರೆ. ಅಷ್ಟರೊಳಗೆ ಶೌಚಾಲಯದ ಪಕ್ಕದ ಮೂಲೆಗೆ ಹೋಗಿ, ಕನ್ನಡಿಯ ಅಂಚಿಗೋ ನಲ್ಲಿಯ ಮೂತಿಗೋ ದಾರ ಉಜ್ಜಿ ಕಡಿಯುವುದು, ಈ ಪೀಡೆಯನ್ನು ಅಲ್ಲೇ ಇಳಿಸುವುದು. "ಅಲ್ಲೀವರೆಗೆ ಯಾರಾದ್ರೂ ಕೇಳಿದ್ರೆ ನೀನು ಯಾರೋ, ನಾನು ಯಾರೋ" ಎಂದು ಎಚ್ಚರಿಸಿ, ಅವನನ್ನು ಎಳೆದುಕೊಂಡು ಹೊರಟ. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವಳ ತಾಯಿ ಬೆನ್ನು ಸವರಿದಳು.

ಆಸನಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಇಬ್ಬರೂ ಏಡಿಗಳಂತೆ ಅಡ್ಡಡ್ಡ ನಡೆದರು. ಅರ್ಧ ದಾರಿಯಲ್ಲಿ ಒಬ್ಬ ಪ್ರಯಾಣಿಕ ನಾಳೆರಾಯನನ್ನು ತಡೆದ. ಕೊರಳಲ್ಲಿ ಅಳತೆ ಟೇಪು, ಕಿವಿಯಲ್ಲಿ ಪೆನ್ಸಿಲ್ಲು, ಪಕ್ಕಕ್ಕಂಟಿದ ಕೋಟಿನ ಮನುಷ್ಯ. ನೋಡಿದವರಿಗೆ ರೈಲ್ವೆ ಸಾಹೇಬರೆಂದಲ್ಲದೆ ಇನ್ನೇನು ಅನಿಸೀತು?

"ಅಳತೆಗೆ ಬಂದ್ರಾ ಸಾರ್? ಕೊನೆಗೂ ಬಂದ್ರಲ್ಲ. ನನ್ನ ಮಂಡಿ ನೋಡಿ. ಮುಂದಿನ ಸೀಟಿಗೆ ಬಡೀತಾ ಬಡೀತಾ ಜಜ್ಜಿಹೋಗಿದೆ."

ಅಳತೆ ಎಂಬ ಪದ ಕಿವಿಗೆ ಬಿದ್ದರೆ ನಾಳೆರಾಯನ ಕೈ ಅವನ ಮಾತು ಕೇಳುವುದಿಲ್ಲ. ಟೇಪು ಎಳೆದ. ಒಂದು ಕೈ ಸಾಲದೆ, ತುದಿಯನ್ನು ಭಾವನಿಗೆ ಕೊಟ್ಟ. ಭಾವ ಏನು ಮಾಡಲೂ ತೋಚದೆ ಹಿಡಿದುಕೊಂಡ.

"ತುಂಬ ಬಿಗಿ" ಎಂದ ನಾಳೆರಾಯ ಗಂಭೀರವಾಗಿ. "ಇಲ್ಲಿ ಹೊಲಿಗೆ ಬಿಚ್ಚಬೇಕು. ಒಳಗಡೆ ಮಡಿಕೆ ಬಿಟ್ಟಿದ್ರೆ ಎರಡು ಬೆರಳು ಸಡಿಲ ಮಾಡಬಹುದು."

ರೈಲಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಮಾತನ್ನು ಆ ಪ್ರಯಾಣಿಕ ಹಿಂದೆಂದೂ ಕೇಳಿರಲಿಲ್ಲ. "ಯಾವಾಗ ಆಗುತ್ತೆ ಸಾರ್?" ಎಂದ.

"ನಾಳೆ."

ಡಬ್ಬಿಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಹೆಣಿಗೆ ಹಾಕುತ್ತ ಕೂತಿದ್ದ ಒಬ್ಬ ಅಜ್ಜಿ ಕಡ್ಡಿಗಳನ್ನು ಕೆಳಗಿಟ್ಟಳು. "ಅದಿರಲಿ, ಕಿಟಕಿ ಯಾಕಪ್ಪಾ ತೆಗೆಯಕ್ಕಾಗಲ್ಲ? ಹಳೇ ಪ್ಯಾಸೆಂಜರ್‌ನಲ್ಲಿ ತಲೆ ಹೊರಗೆ ಹಾಕ್ಕೊಂಡು ಊರು ಬರೋದನ್ನ ನೋಡ್ತಿದ್ದೆ. ಈಗ ಮೀನಿನ ಥರ ಗಾಜಿನ ಪೆಟ್ಟಿಗೇಲಿ ಕೂರಿಸ್ತೀರಿ."

"ನನಗೂ ಅದೇ ಬೇಜಾರು ಅಜ್ಜಿ. ಬಾಗಿಲೂ ಹಾಗೇ ಮಾಡಿದ್ದಾರೆ. ಇಳಿಯೋರನ್ನ ಒಂದು ಮಾತು ಕೇಳಬೇಡ್ವಾ?" ಎಂದ ನಾಳೆರಾಯ. ಅದು ಹೃದಯದ ಆಳದಿಂದ ಬಂದ ಮಾತಾದ್ದರಿಂದ ಎಲ್ಲರಿಗೂ ಹಿಡಿಸಿತು. ಇಲಾಖೆಯಲ್ಲಿ ಇಂಥವರೂ ಇದ್ದಾರಲ್ಲ ಎಂದು ಒಬ್ಬಿಬ್ಬರು ಹೇಳಿಕೊಂಡರು. ಜನ ಸರತಿಯಲ್ಲಿ ನಿಂತರು. ಒಬ್ಬನಿಗೆ ತಲೆಯ ಹತ್ತಿರ ದೀಪ ಕುಕ್ಕುತ್ತಿತ್ತು, ಒಬ್ಬಳಿಗೆ ಚಳಿಯಾಗುತ್ತಿತ್ತು, ಒಬ್ಬನಿಗೆ ಪಕ್ಕದವನೇ ಸರಿಯಿರಲಿಲ್ಲ. ನಾಳೆರಾಯ ಎಲ್ಲವನ್ನೂ ಅಳೆದ. ಭಾವ ಟೇಪಿನ ತುದಿ ಹಿಡಿದ.

ಆಗ ಟಿಕೆಟ್ ತಪಾಸಣೆಯವರು ಬಂದರು.

ಮೇಲಿನವರು ಯಾವುದೇ ದಿನ, ಯಾವುದೇ ವೇಷದಲ್ಲಿ ಪರೀಕ್ಷೆಗೆ ಬರಬಹುದೆಂಬ ಗಾಳಿಸುದ್ದಿ ಅವರ ಕಿವಿಗೆ ಬಿದ್ದಿತ್ತು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಕ್ರಾಪು ಸರಿಮಾಡಿಕೊಂಡು ಹತ್ತಿರ ಬಂದರು. ನಾಳೆರಾಯ ಅವರ ಕರಿ ಕೋಟನ್ನು ಮೇಲಿನಿಂದ ಕೆಳಗೆ ನೋಡಿದ. ತೋಳು ಬೆರಳವರೆಗೆ ಇಳಿದಿತ್ತು. ಅಂಥದ್ದನ್ನು ಕಂಡು ಸುಮ್ಮನಿರುವುದು ಅವನ ಕೈಲಾಗದ ಕೆಲಸ.

"ಹೆಚ್ಚಾಯ್ತು" ಎಂದ. "ಕತ್ತರಿಸಬೇಕು."

ತಪಾಸಣೆಯವರ ಮುಖ ಬಿಳುಚಿತು. "ಸಾರ್, ಸಂಸಾರಸ್ಥ ನಾನು. ತಪ್ಪೇನಾದ್ರೂ ಆಗಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆ ಸರಿಯಾಗೇ ಇದೆ. ತೋಳಿನದ್ದೇ ಸಮಸ್ಯೆ."

ಇದರ ಅರ್ಥ ತಿಳಿಯದೆ ಅವರು ಇನ್ನಷ್ಟು ಹೆದರಿದರು. ಭಾವನ ಕಡೆ ನೋಡಿ, "ಇವರು?" ಎಂದು ಮೆಲ್ಲಗೆ ಕೇಳಿದರು.

"ಅವರ ಅಸಿಸ್ಟೆಂಟು" ಎಂದಳು ಹೆಣಿಗೆಯ ಅಜ್ಜಿ. "ಪಾಪ, ಸಾಹೇಬ್ರನ್ನ ಒಂದು ಗಳಿಗೆ ಬಿಟ್ಟಿಲ್ಲ."

ಭಾವ ಬಾಯಿ ತೆರೆದ. ಅಲ್ಲ ಎಂದರೆ ಏನೆಂದು ಹೇಳಬೇಕು? ಟಿಕೆಟ್ಟಿಲ್ಲದ ದರ್ಜಿಯ ಹೆಂಡತಿಯ ಅಣ್ಣ ಎನ್ನಬೇಕು. ಬಾಯಿ ಮುಚ್ಚಿದ. ತಪಾಸಣೆಯವರು ಓಡಿಹೋಗಿ ಎರಡು ಟೀ ತರಿಸಿದರು. ಸಾಹೇಬರ ಬಲಗೈಯಲ್ಲಿ ಟೇಪು, ಎಡಗೈ ಇದ್ದಲ್ಲೇ ಇತ್ತು. ಲೋಟವನ್ನು ಸಾಹೇಬರ ತುಟಿಗೆ ಹಿಡಿಯುವ ಕೆಲಸ ಅಸಿಸ್ಟೆಂಟಿನ ಪಾಲಿಗೆ ಬಂತು.

"ಬಿಸಿ ಇದೆ, ಊದಿ ಭಾ..." ಎಂದವನು ಭಾವನ ಕಣ್ಣು ನೋಡಿ, "ಊದಪ್ಪ" ಎಂದು ತಿದ್ದಿಕೊಂಡ ನಾಳೆರಾಯ.

ಭಾವ ಊದಿದ. ಹತ್ತಾರು ಜನ ಕೆಲಸಕ್ಕಿರುವ ಅಂಗಡಿಯ ಯಜಮಾನ, ಪಂಪು ಕೊಳ್ಳಲು ಬಂದವರನ್ನು ನಿಲ್ಲಿಸಿ ಮಾತಾಡಿಸುವವನು, ಟೀ ಊದಿದ.

ರೈಲು ನಿಧಾನವಾಯಿತು. ನಡುವಿನ ಊರು ಬಂದೇಬಿಟ್ಟಿತ್ತು. ಭಾವ ನಾಳೆರಾಯನನ್ನು ಬಾಗಿಲ ಕಡೆ ಎಳೆದ. ಇಬ್ಬರೂ ಇಳಿದುಬಿಡುವುದು, ಹೆಂಡತಿ ಏನಾದರೂ ಸಬೂಬು ಹೇಳಿಕೊಳ್ಳಲಿ ಎಂಬ ಕೊನೆಯ ಉಪಾಯ. ಬಾಗಿಲು ಸರಿಯಿತು. ಎದುರಿಗೆ ಎತ್ತರದ ಒಬ್ಬ ಗೃಹಸ್ಥರು, ಪಕ್ಕದಲ್ಲಿ ಅವರ ಹೆಂಡತಿ. ಹುಡುಗನ ತಂದೆತಾಯಿ.

"ಓ, ನೀವೇ ಬಾಗಿಲಿಗೆ ಬಂದ್ರಾ? ಇಷ್ಟೆಲ್ಲ ಯಾಕೆ?" ಎನ್ನುತ್ತ ಅವರು ಒಳಗೆ ಹೆಜ್ಜೆ ಇಟ್ಟರು. ಹಿಂದಿನಿಂದ ಬಾಗಿಲು ಮುಚ್ಚಿತು.

ತಪಾಸಣೆಯವರು ಮುಂದೆ ಬಂದು ದಾರಿ ಬಿಡಿಸಿದರು. "ಸ್ವಲ್ಪ ಸರೀರಿ. ಸಾಹೇಬ್ರು, ಅವರ ಅಸಿಸ್ಟೆಂಟು ಹೋಗ್ಲಿ."

"ಅಸಿಸ್ಟೆಂಟ್ ಯಾರು?" ಎಂದರು ಹುಡುಗನ ತಂದೆ.

ತಪಾಸಣೆಯವರು ಭಾವನನ್ನು ತೋರಿಸಿದರು.

"ನೀವು ಪಂಪಿನ ವ್ಯಾಪಾರ ಅಂದಿದ್ರಿ."

"ವ್ಯಾಪಾರವೇ ಸ್ವಾಮಿ. ಇವನು ಯಾರೋ ನನಗೆ ಗೊತ್ತೇ ಇಲ್ಲ" ಎಂದ ಭಾವ.

ಹುಡುಗನ ತಂದೆ ಭಾವನ ಹೊಟ್ಟೆಯನ್ನೂ ಅದರ ಮೇಲೆ ವಿಶ್ರಮಿಸುತ್ತಿದ್ದ ನಾಳೆರಾಯನ ಕೈಯನ್ನೂ ನೋಡಿದರು. "ಗೊತ್ತಿಲ್ಲದವರ ಹೊಟ್ಟೆ ಮೇಲೆ ಹೀಗೆ ಕೈ ಇಟ್ಕೊಂಡು ನಿಲ್ತಾರಾ?"

ನಾಳೆರಾಯ ಅಷ್ಟರಲ್ಲಿ ಹುಡುಗನ ತಂದೆಯ ಪ್ಯಾಂಟನ್ನು ದಿಟ್ಟಿಸುತ್ತಿದ್ದ. "ನಿಮ್ಮ ಬಲಗಾಲು..." ಎಂದು ಶುರುಮಾಡಿದ. ಭಾವ ಸರಕ್ಕನೆ ಹೊಟ್ಟೆ ಒಳಗೆಳೆದ. ಅದರ ಹಿಂದೆ ಕೈ, ಕೈಯ ಹಿಂದೆ ನಾಳೆರಾಯ ಎರಡು ಹೆಜ್ಜೆ ಸರಿದು, ಬಲಗಾಲಿನ ವಿಷಯ ಬಾಯಲ್ಲೇ ಉಳಿಯಿತು.

ಅದೇ ಹೊತ್ತಿಗೆ ಭಾವನ ಮಗಳ ಫೋನು ಬಡಿದುಕೊಂಡಿತು. ಅವಳು ಯಾವ ಗುಂಡಿ ಒತ್ತಿದಳೋ, ಬೇಕೆಂದು ಒತ್ತಿದಳೋ ಅರಿಯದೆ ಒತ್ತಿದಳೋ, ಆ ಕಡೆಯಿಂದ ನಾಳೆರಾಯನ ಹೆಂಡತಿಯ ದನಿ ಡಬ್ಬಿಗೆಲ್ಲ ಕೇಳಿತು.

"ನಿಮ್ಮ ಮಾಮ ಅಲ್ಲೇ ಇದ್ದಾರಾ ಪುಟ್ಟೀ? ಅಂಗಡಿ ಬಾಗಿಲೂ ಹಾಕದೆ ಬಂದಿದ್ದಾರೆ, ಬೀಗದ ಕೈ ಅವರ ಹತ್ರಾನೇ ಇದೆ. ಕೊರಳಲ್ಲಿ ಟೇಪು, ಕಿವೀಲಿ ಪೆನ್ಸಿಲ್ಲು, ನೋಡಿದವರು ಏನಂದ್ಕೋತಾರೋ. ಟಿಕೆಟ್ಟೂ ಇಲ್ಲ. ನಿಮ್ಮಪ್ಪನ ಕೋಟಿಗೆ ಗುಂಡಿ ಹಾಕ್ತೀನಿ ಅಂತ ಹತ್ತಿದವರು ಇಳೀಲೇ ಇಲ್ಲ. ನಿಮ್ಮಪ್ಪ ಬೈದ್ರೆ ಅವರಿಗೆ ಹೇಳು, ಸ್ವಂತ ತಂಗಿ ಗಂಡ ಅನ್ನೋದು ನೆನಪಿರಲಿ ಅಂತ."



"ಹಾಗಾದ್ರೆ ನಮ್ಮ ಕಿಟಕಿ?" ಎಂದಳು ಅಜ್ಜಿ.

"ನನಗೆ ಆಗಲೇ ಅನುಮಾನ ಬಂತು. ಇಷ್ಟು ಸಮಾಧಾನವಾಗಿ ಯಾವ ಸಾಹೇಬ್ರು ಮಾತು ಕೇಳ್ತಾರೆ?" ಎಂದ ಮಂಡಿಯ ಪ್ರಯಾಣಿಕ.

ತಪಾಸಣೆಯವರು ಎರಡು ಟೀಗಳ ನೆನಪಾಗಿ ನೆಟ್ಟಗೆ ನಿಂತರು. "ಟಿಕೆಟ್ ತೋರ್ಸಿ" ಎಂದರು. ಈ ಬಾರಿ ಸಾರ್ ಎನ್ನಲಿಲ್ಲ.

ಆದರೆ ಹುಡುಗನ ತಂದೆ ನಾಳೆರಾಯನ ಕಡೆ ನೋಡಲೇ ಇಲ್ಲ. ಅವರ ಕಣ್ಣು ಭಾವನ ಮೇಲಿತ್ತು. "ತಂಗಿ ಗಂಡನ್ನೇ ಯಾರೋ ಗೊತ್ತಿಲ್ಲ ಅಂದ್ರಲ್ಲ. ನಾಳೆ ನಮಗೊಂದು ಕಷ್ಟ ಬಂದ್ರೆ ನಮ್ಮನ್ನೂ ಹಾಗೇ ಅಂತೀರಾ?"

ಭಾವನ ಹೆಂಡತಿ ಎದ್ದು ನಿಂತಳು, ಮಗಳ ನಗು ಇಳಿದುಹೋಯಿತು. ಈ ಹುಡುಗ ಫೋಟೋದಲ್ಲೇ ಅವಳಿಗೆ ಹಿಡಿಸಿದ್ದ. ಹಿಂದಿನ ಸಂಬಂಧ ಮುರಿದಾಗ ಅವಳು ಒಳಗೊಳಗೇ ಖುಷಿಪಟ್ಟಿದ್ದಳು. ಈ ಸಲ ಹಾಗಿರಲಿಲ್ಲ. ನಾಳೆರಾಯ ಅವಳ ಮುಖ ನೋಡಿದ. ಅವನ ಮಂದ ತಲೆಗೂ ಅದು ತಟ್ಟಿತು.

"ಅವರದ್ದು ತಪ್ಪಿಲ್ಲ" ಎಂದ. "ನಾನೇ ಹೇಳಿದ್ದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು ನೆಂಟ ಅಂತ ಗೊತ್ತಾದ್ರೆ ಮಗುಗೆ ಕೆಟ್ಟ ಹೆಸರು, ನನ್ನ ಗುರುತೇ ಇಲ್ಲ ಅನ್ನಿ ಅಂದೆ. ಭಾವ ಒಪ್ಪಲೇ ಇಲ್ಲ. ಎರಡೂ ಕೈ ಮುಗಿದು ಒಪ್ಪಿಸಿದೆ."

ಅವನ ಒಂದು ಕೈ ಹೊರಟಾಗಿನಿಂದ ಭಾವನ ಹೊಟ್ಟೆಯ ಮೇಲೇ ಇತ್ತು, ಕೈ ಮುಗಿಯುವ ಸಾಧ್ಯತೆ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಭಾವನಿಗೆ ಹೊಳೆಯಿತು. ತನಗೆ ಅಂಟಿಕೊಂಡಿದ್ದ ಮನುಷ್ಯನನ್ನು ಅವನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ. ಕಿವಿಯ ಪೆನ್ಸಿಲ್ಲು ಬೆವರಿಗೆ ಜಾರುತ್ತಿತ್ತು.

"ಸುಳ್ಳು" ಎಂದ ಭಾವ. "ಇವರು ಸುಳ್ಳು ಹೇಳ್ತಿದ್ದಾರೆ. ಗೊತ್ತಿಲ್ಲ ಅಂದಿದ್ದು ನಾನೇ, ನನ್ನ ಬುದ್ಧಿಯಿಂದಲೇ. ಇವರು ನನ್ನ ತಂಗಿ ಗಂಡ. ನಮ್ಮನೆ ಅಳಿಯ." ನಾಳೆರಾಯನನ್ನು ಅವನು ಇವರು ಎಂದದ್ದು ಅದೇ ಮೊದಲು. ತಪಾಸಣೆಯವರ ಕಡೆ ತಿರುಗಿ, "ದಂಡ ನನಗೆ ಹಾಕಿ. ಟೀದೂ ಸೇರಿಸಿ" ಎಂದ.

ಹುಡುಗನ ತಂದೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹೆಂಡತಿ ನಗತೊಡಗಿದಳು. ನಕ್ಕು ನಕ್ಕು ಆಸನದ ಬೆನ್ನು ಹಿಡಿದುಕೊಂಡಳು.

"ನೀವು ಇವರನ್ನ ದಬಾಯಿಸ್ತಿದ್ದೀರಲ್ಲ" ಎಂದಳು ಗಂಡನಿಗೆ. "ನಮ್ಮಣ್ಣನಿಗೆ ಏನು ಹೇಳಿ ಬಂದ್ರಿ?"

"ಅದು ಈಗ ಯಾಕೆ?"

"ಮಾತುಕತೆ ಮುಂದಿನ ವಾರ ಅಂತ ಹೇಳಿ ಬಂದಿದ್ದಾರೆ" ಎಂದು ಅವಳು ಎಲ್ಲರಿಗೂ ತಿಳಿಸಿದಳು. "ಪಾಪ, ನಮ್ಮಣ್ಣ ಕೂದಲಿಗೆ ಬಣ್ಣ ಹಚ್ಕೊಂಡು ಮುಂದಿನ ವಾರಕ್ಕೆ ಕಾಯ್ತಾ ಕೂತಿದ್ದಾನೆ."

"ಯಾಕೆ, ಅವರೇನು ಮಾಡ್ತಾರೆ?" ಎಂದ ನಾಳೆರಾಯ ಕುತೂಹಲದಿಂದ.

"ಹೊಸಬರು ಸಿಕ್ಕಿದ್ರೆ ಹಾಡ್ತಾನೆ. ನಿಲ್ಲಿಸೋದಿಲ್ಲ."

ಎತ್ತರದ ಗೃಹಸ್ಥರು ಕಿಟಕಿಯ ಹೊರಗೆ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವರ ಹೆಂಡತಿ ಅಲ್ಲೇ ಫೋನು ತೆಗೆದು, "ಅಣ್ಣಾ, ಮುಂದಿನ ರೈಲಿಗೆ ಹೊರಟು ಬಾ. ಇವತ್ತೇ ಮಾತುಕತೆ. ಹ್ಞೂಂ, ಒಂದು ಹಾಡು ಪರವಾಗಿಲ್ಲ" ಎಂದಳು. ಭಾವನ ಮಗಳಿಗೆ ಮತ್ತೆ ನಗು ಬಂತು. ಈ ಸಲ ಅವಳ ತಾಯಿಗೂ ಅದು ನಗುವೆಂದೇ ತಿಳಿಯಿತು.

ಹೆಣಿಗೆಯ ಅಜ್ಜಿ ಚೀಲದಿಂದ ಪುಟ್ಟ ಕತ್ತರಿ ತೆಗೆದು ನಾಳೆರಾಯನಿಗೆ ಕೊಟ್ಟಳು. "ಇಬ್ಬರೂ ಅಂಟ್ಕೊಂಡಿರೋದು ಹೊಲಿಗೆ ಸಿಕ್ಕಿಹಾಕ್ಕೊಂಡು ಅಂತ ಆಗಲೇ ಬಾಯಿಬಿಟ್ಟಿದ್ರೆ ಆಗಲೇ ಕೊಡ್ತಿದ್ದೆ" ಎಂದಳು. ನಾಳೆರಾಯ ದಾರ ಬಿಡಿಸಿ, ಗುಂಡಿಯನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿದ. ತಪಾಸಣೆಯವರು ರಸೀದಿ ಹರಿದುಕೊಟ್ಟು ಹೊರಟವರು, ನಾಲ್ಕು ಹೆಜ್ಜೆ ಹೋಗಿ ಹಿಂದಿರುಗಿದರು.

"ಈ ತೋಳು ಎಷ್ಟು ಕಮ್ಮಿ ಮಾಡಬೇಕು ಅಂದ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾಳೆರಾಯ ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟ.

ಡಬ್ಬಿ ಭರ್ತಿಯಾಗಿತ್ತು, ನಾಳೆರಾಯನಿಗೆ ಆಸನವಿರಲಿಲ್ಲ. ಭಾವ ತನ್ನ ಮತ್ತು ಹೆಂಡತಿಯ ಆಸನದ ನಡುವೆ ಕೈ ಊರುವ ಪಟ್ಟಿಯನ್ನು ಮೇಲೆತ್ತಿ, ಇಬ್ಬರ ಜಾಗದಲ್ಲಿ ಮೂವರು ಕೂರುವಂತೆ ಒತ್ತರಿಸಿಕೊಂಡ. ಎದುರು ಸಾಲಿನಲ್ಲಿ ಹುಡುಗನ ತಂದೆ ಮಂಡಿ ಮಡಚಿ ಕೂತು ಪಂಪುಗಳ ಬಗ್ಗೆ ವಿಚಾರಿಸಿದರು, ಭಾವ ಉತ್ತರ ಹೇಳಿದ. ಮಾತು ಹಾಗೇ ಮದುವೆಯ ತಿಂಗಳಿಗೆ ಬಂತು. ಕೋಟಿನ ಕೆಲಸಕ್ಕೆಂದು ಹಿಂದಿನ ದಿನವೆಲ್ಲ ಬಗ್ಗಿ ಕೂತಿದ್ದ ನಾಳೆರಾಯನಿಗೆ ತಂಪಿನ ಗಾಳಿಗೆ ಕಣ್ಣು ಎಳೆಯಿತು. ತಲೆ ಒಮ್ಮೆ ಆ ಕಡೆ ತೂಗಿತು, ಒಮ್ಮೆ ಈ ಕಡೆ ತೂಗಿತು, ಕೊನೆಗೆ ಭಾವನ ಭುಜಕ್ಕೆ ಬಿತ್ತು. ಬಾಯಿ ಅರ್ಧ ತೆರೆಯಿತು. ಹೊಸ ಕೋಟಿನ ಕಾಲರಿನ ಮೇಲೆ ಜೊಲ್ಲಿನ ಒಂದು ಎಳೆ ನಿಧಾನವಾಗಿ ಇಳಿಯಿತು.

ಭಾವನ ಹೆಂಡತಿ ಗಾಬರಿಯಿಂದ ಗಂಡನ ತೋಳು ತಟ್ಟಿ, ಕಣ್ಸನ್ನೆಯಲ್ಲೇ ಅದನ್ನು ತೋರಿಸಿದಳು. ಎದುರಿಗೆ ಬೀಗರು ಕೂತಿದ್ದರು.

ಭಾವ ನೋಡಿದ. "ಇರಲಿ ಬಿಡು" ಎಂದು ಪಿಸುಗುಟ್ಟಿದ. "ಒಣಗುತ್ತೆ."

ನಗರ ಬರುವವರೆಗೆ ಅವನು ಆ ಭುಜವನ್ನು ಅಲ್ಲಾಡಿಸಲಿಲ್ಲ.